ಕಾದ ಪೈಪಿಗೆ ಪಟ್ಟಿ ಕಟ್ಟುವ ಅಕ್ಕ

ಬೆಳಗಿನ ಐದು ಮುಕ್ಕಾಲು. ಗ್ಯಾರೇಜಿನ ಶಟರನ್ನು ಅರ್ಧಕ್ಕೆ ಎತ್ತಿ, ಬಗ್ಗಿ ಒಳಗೆ ನುಸುಳಿದ ಹೆಂಗಸು ಕಸ ಗುಡಿಸುವುದಿಲ್ಲ, ಮೂಲೆಯಲ್ಲಿ ಬೋರಲು ಹಾಕಿದ ಬಕೆಟ್ಟಿನ ಕಡೆ ತಿರುಗಿಯೂ ನೋಡುವುದಿಲ್ಲ. ನೇರ ಹೋಗಿ ನಡುವೆ ನಿಂತ ಬೂದು ಬಣ್ಣದ ಕಾರಿನ ಮುಂದೆ ಮಂಡಿಯೂರುತ್ತಾರೆ. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ತುದಿ ಬಾಗಿಸಿದ ಕಬ್ಬಿಣದ ಕಡ್ಡಿ. ಕಾರಿನ ಹೊಟ್ಟೆಯಡಿ ಇಡೀ ರಾತ್ರಿ ಮಲಗಿದ್ದ ಬಿಳಿ ರಟ್ಟನ್ನು ಆ ಕಡ್ಡಿಯಿಂದ ಮೆಲ್ಲಗೆ ಹೊರಗೆಳೆಯುತ್ತಾರೆ.

ಟಾರ್ಚಿನ ಬೆಳಕು ರಟ್ಟಿನ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಹೋಗುತ್ತದೆ, ವಾಪಸು ಬರುತ್ತದೆ, ನಡುವೆ ಒಂದು ಕಡೆ ನಿಂತುಬಿಡುತ್ತದೆ. ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ. ಒಂದೇ ಒಂದು.

"ಅಯ್ಯೋ ನಿನ್ನ! ಇವತ್ತೇ ಬರಬೇಕಿತ್ತಾ ನೀನು?" ಎಂದು ಅವರು ಆ ಚುಕ್ಕೆಯನ್ನೇ ಕೇಳುತ್ತಾರೆ. ಬೇರೆ ಯಾವ ದಿನವಾದರೂ ಬರಬಹುದಿತ್ತು, ಬೇರೆ ಯಾರ ಕಾರಿನಡಿಯಾದರೂ ಬೀಳಬಹುದಿತ್ತು. ಬಿದ್ದಿದ್ದು ಈ ಕಾರಿನಡಿ, ಇವತ್ತೇ.

ಈ ಬೀದಿಯವರಿಗೆಲ್ಲ ಇವರು ಪಟ್ಟಿ ಅಕ್ಕ. ವಯಸ್ಸು ಐವತ್ತಮೂರು. ಕಾರು ಓಡಿಸಲು ಬರುವುದಿಲ್ಲ, ಇಂಜಿನ್ ಬಿಚ್ಚಲು ಬರುವುದಿಲ್ಲ, ಯಾವ ಕಾರಿನ ಹೆಸರು ಏನು ಎಂದು ಕೇಳಿದರೆ "ಆ ಕೆಂಪುದು", "ಆ ಮೂಗು ಚಪ್ಪಟೆ ಇರೋದು" ಎನ್ನುತ್ತಾರೆ. ಟರ್ಬೊ ಇರುವ ಕಾರುಗಳ ಬಿಸಿ ಪೈಪಿಗೆ ಶಾಖ ತಡೆಯುವ ಪಟ್ಟಿ ಸುತ್ತುವುದು, ಅದೊಂದೇ ಅವರ ಕಸುಬು. ಒಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದಾರೆ. ಸುತ್ತಿದ ಕಾರುಗಳ ಲೆಕ್ಕ ಅವರ ಗಂಡನ ಪ್ರಕಾರ ಸಾವಿರ ದಾಟಿದೆ. ಅಕ್ಕನ ಪ್ರಕಾರ "ಇರಬಹುದು, ಕೈಗೆ ಗೊತ್ತು."

ಟರ್ಬೊ ಎಂದರೇನು ಎಂದು ಕೇಳಿ ನೋಡಿ, ಇಂಜಿನಿಯರು ಅರ್ಧ ಗಂಟೆ ಹೇಳುವುದನ್ನು ಅವರು ಮೂರು ಮಾತಿನಲ್ಲಿ ಮುಗಿಸುತ್ತಾರೆ. "ಇಂಜಿನ್ ಬಿಟ್ಟ ಬಿಸಿ ಉಸಿರು ಹೊರಗೆ ಹೋಗೋ ದಾರೀಲಿ ಒಂದು ಪುಟ್ಟ ಚಕ್ರ ಇಟ್ಟಿರ್ತಾರೆ. ಆ ಉಸಿರಿಗೆ ಚಕ್ರ ತಿರುಗತ್ತೆ. ಚಕ್ರ ತಿರುಗಿದ್ರೆ ಇನ್ನೊಂದು ಕಡೆಯಿಂದ ಇಂಜಿನ್ನಿಗೆ ಗಾಳಿ ಜಾಸ್ತಿ ತುಂಬತ್ತೆ, ಕಾರು ಜೋರಾಗಿ ಓಡತ್ತೆ." ಆ ಚಕ್ರ ದಾಟಿ ಕೆಳಗಿಳಿಯುವ ಪೈಪು, ಮೆಕ್ಯಾನಿಕ್ಕುಗಳ ಬಾಯಲ್ಲಿ ಡೌನ್ ಪೈಪು, ಏರು ಹತ್ತುವಾಗ ಆರುನೂರು ಡಿಗ್ರಿಗೂ ಮೇಲೆ ಕಾಯುತ್ತದೆ. ಅದರ ಪಕ್ಕದಲ್ಲೇ ವೈರುಗಳು, ರಬ್ಬರಿನ ಕೊಳವೆಗಳು, ಅದರಾಚೆಗೇ ಮುಂದಿನ ಸೀಟಿನಲ್ಲಿ ಕೂತವರ ಕಾಲು. ಹೀಗಾಗಿ ಪಟ್ಟಿ. ಗಾಜಿನ ನೂಲಿನಿಂದ ನೇಯ್ದ, ಮೂರು ಬೆರಳಗಲದ, ಹದಿನೈದು ಮೀಟರಿನ ಸುರುಳಿ.

ಪಟ್ಟಿ ಸುತ್ತಿಸಿಕೊಳ್ಳಲು ಬರುವವರಲ್ಲಿ ಎರಡು ಪಂಗಡ. ಕಾಲಡಿ ನೆಲ ಸುಡುತ್ತದೆ ಎಂದು ಬರುವವರು ಒಂದು. ಬಿಸಿ ಉಸಿರು ಆರದಂತೆ ಹಿಡಿದಿಟ್ಟರೆ ಚಕ್ರ ಇನ್ನೂ ಬೇಗ ತಿರುಗುತ್ತದೆ ಎಂದು ಲೆಕ್ಕ ಹಾಕಿಕೊಂಡು ಬರುವ ವೇಗದ ಹುಚ್ಚಿನವರು ಇನ್ನೊಂದು. ಎರಡನೆಯವರನ್ನು ಕಂಡರೆ ಅಕ್ಕನಿಗೆ ನಗು. "ಕಣ್ಣು ಮಿಟುಕಿಸೋ ಅಷ್ಟು ಬೇಗ ಓಡತ್ತಂತೆ. ಎಲ್ಲಿಗೆ ಹೋಗ್ಬೇಕೋ ಪಾಪ! ಆ ಮೂಲೆ ಸಿಗ್ನಲ್ಲಲ್ಲಿ ಎಲ್ರೂ ನಿಲ್ಲಲೇಬೇಕು." ಅಂಥವರಲ್ಲಿ ಕೆಲವರು ಇಂಜಿನ್ನಿಗೇ ಅಂಟಿಕೊಂಡಿರುವ ಎರಕದ ಕಬ್ಬಿಣದ ಭಾಗಕ್ಕೂ ಸುತ್ತಿಕೊಡಿ ಎಂದು ದುಂಬಾಲು ಬೀಳುತ್ತಾರೆ. ಅದಕ್ಕೆ ಅಕ್ಕ ಸುತರಾಂ ಒಪ್ಪುವುದಿಲ್ಲ. ಅಲ್ಲಿ ಶಾಖ ಒಳಗೇ ಸಿಕ್ಕಿಕೊಂಡರೆ ಎರಕ ಬಿರುಕು ಬಿಡುತ್ತದೆ. "ಜ್ವರ ಬಂದವರಿಗೆ ಕಂಬಳಿ ಮೇಲೆ ಕಂಬಳಿ ಹೊದಿಸ್ತೀರಾ? ಹೋಗಿ" ಎಂದು ಕಳಿಸುತ್ತಾರೆ.

ಪಟ್ಟಿ ಸುತ್ತುವುದನ್ನು ಕಲಿತಿದ್ದು ಯಾವ ಗ್ಯಾರೇಜಿನಲ್ಲೂ ಅಲ್ಲ, ಆಸ್ಪತ್ರೆಯಲ್ಲಿ. ಮೂಳೆ ಮುರಿದವರಿಗೆ ಪ್ಲಾಸ್ಟರ್ ಹಾಕುವ ಕೋಣೆಯಲ್ಲಿ ಅಕ್ಕ ಹದಿನಾಲ್ಕು ವರ್ಷ ಸಹಾಯಕಿಯಾಗಿದ್ದರು. ಪ್ಲಾಸ್ಟರ್ ಪಟ್ಟಿಯನ್ನು ನೀರಿನಲ್ಲಿ ಅದ್ದಿ, ಗುಳ್ಳೆ ನಿಲ್ಲುವವರೆಗೆ ಕಾದು, ಹಿಂಡಿ, ಡಾಕ್ಟರ ಕೈಗೆ ಕೊಡುವುದು ಅವರ ಕೆಲಸ. ಆಮೇಲಾಮೇಲೆ ಡಾಕ್ಟರು "ನೀವೇ ಸುತ್ತಿಬಿಡಿ, ನಿಮ್ಮ ಕೈ ನನಗಿಂತ ಚೆನ್ನಾಗಿದೆ" ಎನ್ನಲು ಶುರುಮಾಡಿದರು. ಆ ಕೋಣೆ ಮುಚ್ಚಿ, ಕೆಲಸ ಹೋಗಿ, ಅಕ್ಕ ಮನೆಯಲ್ಲಿ ಕೂತ ಹೊಸದರಲ್ಲಿ ಒಂದು ಮಧ್ಯಾಹ್ನ ಗಂಡನಿಗೆ ಊಟದ ಡಬ್ಬಿ ಹಿಡಿದು ಗ್ಯಾರೇಜಿಗೆ ಬಂದರು. ಗಂಡ, ಎಲ್ಲರ ಬಾಯಲ್ಲಿ ಮೇಸ್ತ್ರಿ, ಒಣ ಪಟ್ಟಿಯೊಂದಿಗೆ ಗುದ್ದಾಡುತ್ತಿದ್ದರು. ಒಂದು ಕಡೆ ಬಿಗಿ ಮಾಡಿದರೆ ಇನ್ನೊಂದು ಕಡೆ ಸಡಿಲ. ನೂಲು ಚುಚ್ಚಿ ಮೈಯೆಲ್ಲ ಕೆರೆತ. ಅಕ್ಕ ಡಬ್ಬಿ ಕೆಳಗಿಟ್ಟು ಸ್ವಲ್ಪ ಹೊತ್ತು ನೋಡಿದರು.

"ಏನೂಂದ್ರೆ, ಇದು ಯಾರ ಕಾಲು? ಹೀಗೆ ಕಟ್ಟಿದ್ರೆ ಆ ಪೇಶೆಂಟು ಜನ್ಮದಲ್ಲಿ ನಡೆಯಲ್ಲ."

"ನೀನೇ ಕಟ್ಟು ನೋಡೋಣ, ದೊಡ್ಡ ಡಾಕ್ಟರು ಬಂದ್ಬಿಟ್ಲು" ಎಂದು ಮೇಸ್ತ್ರಿ ಸುರುಳಿಯನ್ನು ಬೆಂಚಿನ ಮೇಲೆ ಎಸೆದರು. ಅಕ್ಕ ಬಕೆಟ್ಟಿಗೆ ನೀರು ಹಿಡಿದು ಪಟ್ಟಿಯನ್ನು ಅದ್ದಿದರು; ಒದ್ದೆಯಾದರೆ ಅದು ಹೇಳಿದಂತೆ ಬಾಗುತ್ತದೆ, ನೂಲೂ ಹಾರುವುದಿಲ್ಲ. ಹೆಂಡತಿ ಕಟ್ಟಿದ ಆ ಮೊದಲ ಪೈಪನ್ನು ಮೇಸ್ತ್ರಿ ತಿರುಗಿಸಿ ತಿರುಗಿಸಿ ನೋಡಿದರು. ಮರುದಿನ ತಾವೇ ಹೋಗಿ ಅವರಿಗೊಂದು ಜೊತೆ ಕೈಗವಸು, ಮೂಗಿಗೆ ಕಟ್ಟುವ ಮುಸುಕು ತಂದರು. "ಕ್ಷಮಿಸು ಅಂತ ಬಾಯಲ್ಲಿ ಹೇಳೋ ಜಾಯಮಾನ ಅಲ್ಲ ಅವರದು" ಎನ್ನುತ್ತಾರೆ ಅಕ್ಕ, ಗಂಡನಿಗೆ ಕೇಳಿಸುವಷ್ಟು ಗಟ್ಟಿಯಾಗಿ.

ಕಷ್ಟ ಇಲ್ಲವೇ ಎಂದರೆ, ಇದೆ. ಗಾಜಿನ ನೂಲಿನ ಪುಡಿ ಕಣ್ಣಿಗೆ ಕಾಣುವುದಿಲ್ಲ, ಮೈಗೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಬಿಸಿಲಿನ ದಿನದಲ್ಲೂ ತುಂಬು ತೋಳಿನ ಅಂಗಿ, ಕುತ್ತಿಗೆಗೆ ಬಟ್ಟೆ. ಮನೆಗೆ ಹೋದ ಮೇಲೆ ಮೊದಲು ತಣ್ಣೀರು, ಚಳಿ ಇದ್ದರೂ ತಣ್ಣೀರೇ, ಏಕೆಂದರೆ ಬಿಸಿನೀರು ಸುರಿದರೆ ಚರ್ಮದ ರಂಧ್ರ ತೆರೆದು ನೂಲು ಇನ್ನೂ ಒಳಗೆ ಇಳಿಯುತ್ತದಂತೆ. ಎಂಬತ್ತು ದಾಟಿದ ಅತ್ತೆ ಜಗಲಿಯಲ್ಲಿ ಕೂತು, ಸೊಸೆ ಗೇಟು ತೆಗೆದ ಕೂಡಲೇ "ಬಂತಪ್ಪಾ ಮುಳ್ಳುಹಂದಿ! ನನ್ನ ಹಾಸಿಗೆ ಹತ್ರ ಸುಳೀಬೇಡ" ಎಂದು ಕೂಗು ಹಾಕುತ್ತಾರೆ. ಅಕ್ಕ ಬೇಕೆಂದೇ ಎರಡು ಹೆಜ್ಜೆ ಅವರ ಕಡೆ ಬಂದು ಹೆದರಿಸಿ, ಆಮೇಲೆ ಬಚ್ಚಲಿಗೆ ಹೋಗುತ್ತಾರೆ. ಇದು ಅಕ್ಕ ಪಟ್ಟಿ ಕಟ್ಟಿ ಬಂದ ದಿನವೆಲ್ಲ ನಡೆಯುವ ಸಂಜೆಯ ಕಾರ್ಯಕ್ರಮ.

ಈ ನೂಲಿನ ಕಾಟದಿಂದಲೇ ಇನ್ನೊಂದು ವಿಚಿತ್ರ. ಸಾವಿರ ಕಾರಿಗೆ ಪಟ್ಟಿ ಕಟ್ಟಿದ ಈ ಹೆಂಗಸು ಅದರಲ್ಲಿ ಒಂದರಲ್ಲೂ ಕೂತಿಲ್ಲ. ಕರೆದವರು ಕಡಿಮೆ, ಕರೆದರೂ ಇವರು ಒಪ್ಪಿಲ್ಲ. "ಸೀಟೆಲ್ಲ ನೂಲಾಗತ್ತೆ, ಆಮೇಲೆ ಕೂತವರು ಮನೆಗೆ ಹೋಗೋ ತನಕ ಕೆರ್ಕೊಂತಾ ನನ್ನನ್ನೇ ಬೈತಾರೆ." ಪಟ್ಟಿ ಕಟ್ಟಿದ ಮೇಲೆ ಕಾಲಡಿ ಎಷ್ಟು ತಣ್ಣಗಾಗುತ್ತದೆ ಎಂಬುದು ಅವರಿಗೆ ಬೇರೆಯವರು ಹೇಳಿಯೇ ಗೊತ್ತು.

ಈಗ ಚುಕ್ಕೆಯ ವಿಷಯ. ಅದನ್ನು ಹೇಳಬೇಕಾದರೆ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು, ಮತ್ತು ಅಕ್ಕ ಅದನ್ನು ಮುಚ್ಚಿಡುವವರಲ್ಲ.

ಟರ್ಬೊದ ಚಕ್ರಕ್ಕೆ ಒಂದೇ ಸಮನೆ ಎಣ್ಣೆ ಬೇಕು. ಒಂದು ಸಣ್ಣ ಪೈಪಿನಿಂದ ಎಣ್ಣೆ ಬರುತ್ತದೆ, ಇನ್ನೊಂದು ದಪ್ಪ ಪೈಪಿನಿಂದ ಇಂಜಿನ್ನಿಗೆ ವಾಪಸು ಹೋಗುತ್ತದೆ. ಅಂದರೆ ಬೆಂಕಿಯಂಥ ಪೈಪಿನ ಮಗ್ಗುಲಲ್ಲೇ ಎಣ್ಣೆಯ ಸಂಸಾರ. ಆ ವಾಪಸು ಪೈಪಿನ ಸಂದಿಯಿಂದ ಎಣ್ಣೆ ಜಿನುಗಿ ಪಟ್ಟಿಗೆ ಇಳಿದರೆ, ದೀಪದ ಬತ್ತಿ ಎಣ್ಣೆ ಕುಡಿದ ಹಾಗೆ ಪಟ್ಟಿ ಕುಡಿಯುತ್ತದೆ. ಒಂದು ದಿನ ಹೊತ್ತಿಕೊಳ್ಳುತ್ತದೆ.

ಆಗೆಲ್ಲ ಅಕ್ಕ ಸುತ್ತಿದ ಪೈಪನ್ನು ಒದ್ದೆಯಿದ್ದಾಗಲೇ ಮೇಸ್ತ್ರಿ ಜೋಡಿಸುತ್ತಿದ್ದರು. ಕೆಳಗೆ ನೀರು ತೊಟ್ಟಿಕ್ಕುವುದು ಮಾಮೂಲು. ಒಬ್ಬ ಟ್ಯಾಕ್ಸಿ ಡ್ರೈವರಮ್ಮನ ಕಾರು. ಜೋಡಿಸಿದ ಮೇಲೆ ಅಕ್ಕ ಬಗ್ಗಿ ನೋಡಿದರು. ಎಣ್ಣೆ ಪೈಪಿನ ಕೆಳಗೆ ಒಂದು ಹನಿ ನೇತಾಡುತ್ತಿತ್ತು. ನನ್ನ ಪಟ್ಟಿಯ ನೀರು ಎಂದುಕೊಂಡು ಒರೆಸಿದರು.

"ಕೈಗೆ ಗವಸು ಇತ್ತು. ಬರಿ ಬೆರಳಲ್ಲಿ ಉಜ್ಜಿದ್ರೆ ತಕ್ಷಣ ಗೊತ್ತಾಗ್ತಿತ್ತು. ನೀರು ಜಾರಲ್ಲ, ಎಣ್ಣೆ ಜಾರತ್ತೆ. ಗವಸು ತೆಗೆಯೋ ಸೋಮಾರಿತನ, ಅಷ್ಟೇ ನೋಡಿ" ಎನ್ನುವಾಗ ಅಕ್ಕ ಬೆರಳ ತುದಿಯನ್ನು ಹೆಬ್ಬೆರಳಿಗೆ ಉಜ್ಜುತ್ತಾರೆ. ಮಾತಿನ ನಡುವೆ ಅವರು ಅದನ್ನು ಎಷ್ಟು ಸಲ ಮಾಡುತ್ತಾರೆ ಎಂದು ಅವರಿಗೇ ತಿಳಿದಿರಲಿಕ್ಕಿಲ್ಲ.

ಮೂರನೆಯ ದಿನ ಊರಾಚೆಯ ನೀರಿನ ಟ್ಯಾಂಕಿನ ಏರಿನಲ್ಲಿ ಬಾನೆಟ್ಟಿನಿಂದ ಹೊಗೆ ಬಂತು. ಡ್ರೈವರಮ್ಮ, ಹಿಂದೆ ಕೂತ ಇಬ್ಬರು ಇಳಿದು ಓಡಿದರು. ಯಾರಿಗೂ ಏನೂ ಆಗಲಿಲ್ಲ, ಡ್ರೈವರಮ್ಮನ ಹುಬ್ಬಿನ ಕೂದಲು ಮಾತ್ರ ಸುಟ್ಟಿತು. ಕಾರು ಕಣ್ಣೆದುರೇ ಬೂದಿಯಾಯಿತು. ವಿಮೆಯವರು ಬಂದು, ಸುತ್ತ ತಿರುಗಿ, ಕಾರಣ ಗೊತ್ತಾಗಲಿಲ್ಲ ಎಂದು ಬರೆದುಕೊಂಡು ಹೋದರು. ಅಲ್ಲಿಗೆ ಅಕ್ಕ ಸುಮ್ಮನಿದ್ದಿದ್ದರೆ ಜಗತ್ತಿಗೆ ಗೊತ್ತಾಗುತ್ತಿರಲಿಲ್ಲ. ಅವರು ಅವತ್ತೇ ಸಂಜೆ ಡ್ರೈವರಮ್ಮನ ಮನೆ ಬಾಗಿಲು ತಟ್ಟಿದರು. ಹನಿ ನೋಡಿದ್ದೆ, ನೀರು ಅಂದುಕೊಂಡೆ, ತಪ್ಪು ನಂದು ಎಂದರು. ಡ್ರೈವರಮ್ಮ ಬಾಗಿಲು ಹಾಕಿಕೊಂಡರು.

ಏಳು ತಿಂಗಳು ಅಕ್ಕ ಪಟ್ಟಿ ಮುಟ್ಟಲಿಲ್ಲ. ಮೇಸ್ತ್ರಿ ಒಮ್ಮೆಯೂ ಬಾ ಎನ್ನಲಿಲ್ಲ, ಸುರುಳಿಗಳನ್ನು ಮಾತ್ರ ಅವರು ಇಟ್ಟ ಜಾಗದಲ್ಲೇ ಇಟ್ಟಿದ್ದರು. ಮನೆಯಲ್ಲಿ ಕೂತು ಕೂತು ಅಕ್ಕನಿಗೆ ಪ್ಲಾಸ್ಟರ್ ಕೋಣೆಯ ಒಂದು ಮಾತು ನೆನಪಾಯಿತು. "ಪ್ಲಾಸ್ಟರ್ ಹಾಕಿದ ಮೇಲೆ ಯಾರನ್ನೂ ಹಾಗೇ ಮನೆಗೆ ಕಳಿಸ್ತಿರಲಿಲ್ಲ. ಬೆರಳು ಆಡಿಸಿ ನೋಡೋಣ ಅಂತ ಕೇಳ್ತಿದ್ವಿ. ಆಡಿದ್ರೆ ಸರಿ, ಇಲ್ಲಾಂದ್ರೆ ಬಿಚ್ಚಬೇಕು. ಕಾರಿಗೆ ನಾನು ಏನೂ ಕೇಳೇ ಇರಲಿಲ್ವಲ್ಲ!"

ಕಾರನ್ನು ಕೇಳುವ ಬಗೆ ಎಂದರೆ ಬಿಳಿ ರಟ್ಟು. ಅಂದಿನಿಂದ ನಿಯಮ ಒಂದೇ. ಪಟ್ಟಿ ಕಟ್ಟಬೇಕಾದ ಕಾರು ಹಿಂದಿನ ಸಂಜೆಯೇ ಬಂದು, ರಾತ್ರಿ ರಟ್ಟಿನ ಮೇಲೆ ಮಲಗಬೇಕು. ಬೆಳಗ್ಗೆ ರಟ್ಟು ನೋಡಿ, ಸಂದಿಗಳನ್ನು ಬರಿ ಬೆರಳಿನಿಂದ ಉಜ್ಜಿ ನೋಡಿದ ಮೇಲಷ್ಟೇ ಗ್ಯಾರೇಜಿಗೆ ನೀರು. ಅಲ್ಲಿಯವರೆಗೆ ಬಕೆಟ್ಟು ಬೋರಲು. ಸುತ್ತಿದ ಪೈಪು ಬಿಸಿಲಿನಲ್ಲಿ ಪೂರ್ತಿ ಒಣಗಿದ ಮೇಲಷ್ಟೇ ಜೋಡಣೆ. ಅವಸರದವರು ಬೇರೆ ಗ್ಯಾರೇಜು ನೋಡಿಕೊಳ್ಳಬಹುದು. ಹಲವರು ನೋಡಿಕೊಂಡಿದ್ದಾರೆ. ಅಕ್ಕನಿಗೆ ಅದರ ಬೇಸರವಿಲ್ಲ.

ನಿನ್ನೆ ಸಂಜೆ ಗೇಟಿನಲ್ಲಿ ಬೂದು ಬಣ್ಣದ ಕಾರು ನಿಂತಾಗ ಅಕ್ಕ ಬೆಂಚು ಒರೆಸುತ್ತಿದ್ದರು. ಇಳಿದವರು ಅದೇ ಡ್ರೈವರಮ್ಮ. ನಾಲ್ಕು ವರ್ಷ ಬೇರೆಯವರ ಕಾರು ಓಡಿಸಿ, ಈಗ ಮತ್ತೆ ಸ್ವಂತದ್ದು ಕೊಂಡಿದ್ದಾರೆ. "ಕಾಲಡಿ ಸುಡತ್ತೆ. ಮುಂದೆ ಕೂತವರು ಕಾಲು ಮಡಚ್ಕೊಂಡು ಕೂರ್ತಾರೆ" ಎಂದರು.  ಅಕ್ಕ ರಟ್ಟಿನ ವಿಷಯ ಹೇಳಿದರು. ಡ್ರೈವರಮ್ಮ ತಲೆಯಾಡಿಸಿ, ಬೀಗದಕೈ ಬೆಂಚಿನ ಮೇಲಿಟ್ಟು, ನಡೆದು ಹೋದರು. ರಾತ್ರಿ ಅಕ್ಕನಿಗೆ ನಿದ್ದೆ ಹತ್ತಲಿಲ್ಲ. ಯಾವ ಕೈ ಕೆಡಿಸಿತೋ ಅದೇ ಕೈಗೆ ಸರಿಮಾಡುವ ಅವಕಾಶ ತಾನಾಗಿ ಗೇಟಿಗೆ ಬಂದಿದೆ. ಇದು ತಪ್ಪಿದರೆ ಇನ್ನೊಂದು ಬರುವುದಿಲ್ಲ ಎಂದು ಅವರಿಗೆ ಗೊತ್ತು.

ಆರೂವರೆಗೆ ಡ್ರೈವರಮ್ಮ ಬರುತ್ತಾರೆ. ಅಕ್ಕ ರಟ್ಟನ್ನು ಮಡಚಿಡುವುದಿಲ್ಲ, ತಿರುಗಿಸಿಡುವುದಿಲ್ಲ. ಬೆಳಕಿಗೆ ಹಿಡಿದು ತೋರಿಸುತ್ತಾರೆ.

"ಎಣ್ಣೆ" ಎನ್ನುತ್ತಾರೆ.

 ಡ್ರೈವರಮ್ಮ ಚುಕ್ಕೆಯನ್ನು ನೋಡುತ್ತಾರೆ, ಕಾರನ್ನು ನೋಡುತ್ತಾರೆ. "ಬಿಡಿ ಅಕ್ಕ. ನನ್ನ ಹಣೆಬರಹದಲ್ಲಿ ಇದು ಬರೆದಿಲ್ಲ. ಪಟ್ಟಿನೂ ಬೇಡ ಏನೂ ಬೇಡ, ಸುಟ್ರೆ ಸುಡ್ಲಿ ಕಾಲು. ಹನ್ನೊಂದಕ್ಕೆ ನನಗೆ ಸ್ಟೇಷನ್ನಿಂದ ಸವಾರಿ ಇದೆ" ಎಂದು ಬೀಗದಕೈ ತೆಗೆದುಕೊಳ್ಳುತ್ತಾರೆ.

ಅಕ್ಕ ಹೋಗಿ ಶಟರಿನ ನಡುವೆ ನಿಲ್ಲುತ್ತಾರೆ. ಐದಡಿ ಎತ್ತರದ ಹೆಂಗಸು, ಎರಡೂ ಕೈ ಚಾಚಿದರೂ ಶಟರಿನ ಅರ್ಧಕ್ಕೆ ಬರುವುದಿಲ್ಲ.

"ಪಟ್ಟಿ ಕಟ್ಟಿಸ್ತೀರೋ ಬಿಡ್ತೀರೋ ನಿಮ್ಮಿಷ್ಟ ತಾಯಿ. ಆದ್ರೆ ಈ ಚುಕ್ಕೆ ಜೊತೆ ಕಾರನ್ನ ಆಚೆ ಬಿಡಲ್ಲ. ಬೇಕಾದ್ರೆ ನನ್ನ ಮೇಲೆ ಹತ್ತಿಸಿಕೊಂಡು ಹೋಗಿ."

"ಏ ಇವಳೇ, ಎಂಥ ಮಾತದು ಬೆಳಬೆಳಗ್ಗೆ?" ಎಂದು ಗದರುತ್ತ ಮೇಸ್ತ್ರಿ ಬರುತ್ತಾರೆ. ಚುಕ್ಕೆ ಅವರ ಕಣ್ಣಿಗೂ ಬೀಳುತ್ತದೆ. ಕಾರಿನಡಿ ಅಂಗಾತ ಜಾರಿ, ಎರಡು ನಿಮಿಷ ಗೊಣಗಿ, ಅಲ್ಲಿಂದಲೇ ಕೂಗುತ್ತಾರೆ: "ವಾಪಸು ಪೈಪಿನ ಗ್ಯಾಸ್ಕೆಟ್ಟು, ಸಂದಿ ಮುಚ್ಚೋ ಪದರ. ಹಳೇದು. ಬಿಸ್ಕೆಟ್ ಥರ ಪುಡಿಯಾಗ್ತಿದೆ. ಬದಲಾಯಿಸಿದ್ರೆ ಆಯ್ತು, ಒಂದು ಗಂಟೆ ಕೆಲಸ."

ಡ್ರೈವರಮ್ಮ ಬೆಂಚಿನ ಮೇಲೆ ಕೂರುತ್ತಾರೆ. ತಾವಾಗಿಯೇ ಹೇಳುತ್ತಾರೆ: "ಟ್ಯಾಂಕಿನ ಏರು ನಾನು ಆಮೇಲೆ ಹತ್ತಿಲ್ಲ ಅಕ್ಕ. ನಾಲ್ಕು ವರ್ಷ. ಆ ಕಡೆ ಸವಾರಿ ಬಂದ್ರೆ ಮೂರು ಮೈಲಿ ಸುತ್ತಿ ಹೋಗ್ತೀನಿ. ಕೂತವರು ದಾರಿ ತಪ್ಪಿದ್ರಾ ಅಂತ ಕೇಳ್ತಾರೆ, ಹೂಂ ಅಂತೀನಿ."

 ಅಕ್ಕನ ಕಣ್ಣು ತುಂಬಿದೆ, ಅದನ್ನು ಒರೆಸಿಕೊಳ್ಳುವಂತಿಲ್ಲ. ಅಂಗಿಯ ತೋಳಿನಲ್ಲಿ ಹಿಂದಿನ ಕೆಲಸದ ಗಾಜಿನ ನೂಲು.

ಗ್ಯಾಸ್ಕೆಟ್ಟು ಬದಲಾಗುತ್ತದೆ. ಕಾರಿನಡಿ ಹೊಸ ಬಿಳಿ ರಟ್ಟು ಸರಿಯುತ್ತದೆ. ಇಂಜಿನ್ನನ್ನು ಅರ್ಧ ಗಂಟೆ ಓಡಿಸಿ, ಇನ್ನರ್ಧ ಗಂಟೆ ಹಾಗೇ ಬಿಡುತ್ತಾರೆ; ಇಂಜಿನ್ ಓಡಿ ಎಣ್ಣೆ ಕಾದರೆ ಸೋರಿಕೆ ಕಾಣಲು ಇಡೀ ರಾತ್ರಿ ಬೇಕಿಲ್ಲ. ಕಡ್ಡಿಯಿಂದ ಎಳೆದ ರಟ್ಟನ್ನು ಈ ಸಲ ಅಕ್ಕ ನೋಡುವುದಿಲ್ಲ, ಡ್ರೈವರಮ್ಮನ ಕೈಗೇ ಕೊಡುತ್ತಾರೆ. ಮಸಿಯಿಲ್ಲ, ಚುಕ್ಕೆಯಿಲ್ಲ. "ಬೆರಳು ಹಾಕಿ ನೀವೇ ಉಜ್ಜಿ ನೋಡಿ. ಗವಸು ಬೇಡ" ಎನ್ನುತ್ತಾರೆ. ಡ್ರೈವರಮ್ಮ ಬಗ್ಗಿ ಹೊಸ ಗ್ಯಾಸ್ಕೆಟ್ಟಿನ ಸಂದಿಗೆ ಬೆರಳು ತಾಗಿಸುತ್ತಾರೆ. ಹೆಬ್ಬೆರಳಿಗೆ ಉಜ್ಜುತ್ತಾರೆ. ಒಣಗಿದೆ.

ಆಮೇಲೆ ಅವರು ಮೊಬೈಲು ತೆಗೆದು ಯಾರಿಗೋ ಹೇಳುತ್ತಾರೆ: "ಹನ್ನೊಂದರ ಸವಾರಿಗೆ ನೀನು ಹೋಗ್ಬಿಡಪ್ಪಾ. ನನಗಿಲ್ಲಿ ಕೆಲಸ ಇದೆ." ಅಕ್ಕನ ಹೊಟ್ಟೆಗೆ ಹಾಲು ಹೊಯ್ದಂತಾಗುತ್ತದೆ. ಮೂಲೆಗೆ ಹೋಗಿ ಬಕೆಟ್ಟನ್ನು ನೆಟ್ಟಗೆ ಮಾಡಿ ನಲ್ಲಿ ತಿರುಗಿಸುತ್ತಾರೆ.

ಕೆಲಸ ಮಾಡುವಾಗ ಅಕ್ಕನನ್ನು ನೋಡಬೇಕು. ಅಷ್ಟು ಮಾತಾಡುವ ಹೆಂಗಸು ಒಂದು ಮಾತೂ ಆಡುವುದಿಲ್ಲ. ಗುಳ್ಳೆ ನಿಂತ ಪಟ್ಟಿಯನ್ನು ಎತ್ತಿ, ಹಿಂಡಿ, ಮೇಸ್ತ್ರಿ ಕಾರಿನಿಂದ ಬಿಚ್ಚಿ ಬೆಂಚಿನ ಇಕ್ಕಳಕ್ಕೆ, ಅಂದರೆ ವೈಸಿಗೆ, ಸಿಕ್ಕಿಸಿದ ಪೈಪಿನ ಕೆಳತುದಿಯಿಂದ ಶುರುಮಾಡುತ್ತಾರೆ. ಎಡಗೈ ಎಳೆದು ಹಿಡಿಯುತ್ತದೆ, ಬಲಗೈ ಸುತ್ತುತ್ತದೆ. ಪ್ರತಿ ಸುತ್ತೂ ಹಿಂದಿನದರ ಮೇಲೆ ಅರ್ಧ ಬೆರಳು ಏರಬೇಕು, ಹೆಚ್ಚಾದರೆ ಉಬ್ಬು, ಕಡಿಮೆಯಾದರೆ ಸಂದು. ಪೈಪು ಬಾಗುವಲ್ಲಿ ಒಳಮಗ್ಗುಲಲ್ಲಿ ಪಟ್ಟಿ ಗುಡ್ಡೆ ಬೀಳುತ್ತದೆ, ಹೊರಮಗ್ಗುಲಲ್ಲಿ ಬಾಯಿ ಬಿಡುತ್ತದೆ. ಅಲ್ಲಿ ಅವರು ಪಟ್ಟಿಯನ್ನು ಒಂದಿಷ್ಟು ಓರೆ ಮಾಡುತ್ತಾರೆ, ಮೊಣಕೈಗೆ ಪ್ಲಾಸ್ಟರ್ ಸುತ್ತುವಾಗ ಮಾಡುತ್ತಿದ್ದ ಹಾಗೇ. ಸೆನ್ಸರ್ ಕೂರುವ ತೂತಿನ ಸುತ್ತ ಎರಡು ಬೆರಳು ಜಾಗ ಬಿಡುತ್ತಾರೆ. ಇಪ್ಪತ್ತಾರು ಸುತ್ತು, ಅದನ್ನು ಬಿಗಿಯಲು ಐದು ಸ್ಟೀಲ್ ಟೈ, ಮೂವತ್ತೈದು ನಿಮಿಷ. ಕೊನೆಯ ಟೈ ಎಳೆದು, ತುದಿ ಕತ್ತರಿಸಿ, ಚೂಪು ಯಾರಿಗೂ ಚುಚ್ಚದಂತೆ ಒಳಕ್ಕೆ ಮಡಚುತ್ತಾರೆ. "ನಮ್ಮನೆಯವರ ಕೈಗೇ ಅಲ್ವಾ ಮೊದಲು ತಾಗೋದು" ಎನ್ನುವಾಗ ಮೇಸ್ತ್ರಿ ಬೇರೆಲ್ಲೋ ನೋಡುತ್ತಾರೆ.

ಪೈಪು ಅಂಗಳದ ಬಿಸಿಲಿನಲ್ಲಿ ಎರಡು ಗಂಟೆ ಒಣಗುತ್ತದೆ. ಮೂವರೂ ಅಕ್ಕನ ಡಬ್ಬಿಯಿಂದ ಹಂಚಿಕೊಂಡು ಊಟ ಮಾಡುತ್ತಾರೆ. ಆಮೇಲೆ ಜೋಡಣೆ. ಆಮೇಲೆ, ಎಲ್ಲ ಕಾರಿಗೂ ಇರುವ ಆ ಇಪ್ಪತ್ತು ನಿಮಿಷ.

ಹೊಸ ಪಟ್ಟಿ ಮೊದಲ ಸಲ ಕಾದಾಗ ಹೊಗೆ ಬಿಡುತ್ತದೆ. ನೂಲಿಗೆ ಹಚ್ಚಿದ ಅಂಟು ಸುಟ್ಟು ಹೋಗುವ ಹೊಗೆ ಅದು. ಭಯಪಡುವಂಥದ್ದಲ್ಲ, ನೋಡಲು ಮಾತ್ರ ಭಯಂಕರ. ಒಬ್ಬ ವೇಗದ ಹುಚ್ಚಿನವನು ಅದನ್ನು ಕಂಡು ಕಾರು, ಬೀಗದಕೈ, ಒಂದು ಚಪ್ಪಲಿ ಎಲ್ಲ ಬಿಟ್ಟು ಕಾಲಿಗೆ ಬುದ್ಧಿ ಹೇಳಿದ್ದನಂತೆ. ಅದಕ್ಕೇ ಅಕ್ಕ ಮಾಲೀಕರನ್ನು ಎದುರಿಗೆ ನಿಲ್ಲಿಸಿಕೊಂಡೇ ಮೊದಲ ಹೊಗೆ ಬಿಡಿಸುತ್ತಾರೆ. ಆದರೆ ಈ ಮಾಲೀಕರು ನಿಜವಾದ ಬೆಂಕಿ ಕಂಡವರು.

"ನೀವು ಆಚೆ ಹೋಗಿ ಕೂತಿರಿ ತಾಯಿ. ಮುಗಿದ ಮೇಲೆ ಕರೀತೀನಿ."

"ಇಲ್ಲ, ನೋಡ್ತೀನಿ" ಎನ್ನುತ್ತಾರೆ ಡ್ರೈವರಮ್ಮ. ಗೋಡೆಯಲ್ಲಿ ನೇತಾಡುತ್ತಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಇಳಿಸಿ, ಕೂಸನ್ನು ಎತ್ತಿಕೊಂಡಂತೆ ಎದೆಗೆ ಅವಚಿಕೊಂಡು ನಿಲ್ಲುತ್ತಾರೆ. ಅಕ್ಕ ಅದನ್ನು ಕಿತ್ತುಕೊಳ್ಳುವುದಿಲ್ಲ. ಪಕ್ಕಕ್ಕೆ ಬಂದು ತಾವೂ ನಿಲ್ಲುತ್ತಾರೆ.

ಇಂಜಿನ್ನು ಶುರುವಾಗುತ್ತದೆ. ಐದನೆಯ ನಿಮಿಷಕ್ಕೆ ಮೊದಲ ಎಳೆ ಏಳುತ್ತದೆ. ಏಳನೆಯ ನಿಮಿಷಕ್ಕೆ ಬಾನೆಟ್ಟು ಪೂರ್ತಿ ಹೊಗೆ. ಡ್ರೈವರಮ್ಮನ ಬೆರಳು ಸಿಲಿಂಡರಿನ ಪಿನ್ನಿನ ಮೇಲೆ ಹೋಗುತ್ತದೆ. ಅಕ್ಕ ಹೊಗೆಯನ್ನೇ ನೋಡುತ್ತ ಮಾತಾಡಲು ಶುರುಮಾಡುತ್ತಾರೆ, ಮಕ್ಕಳಿಗೆ ಹೇಳಿದ ಹಾಗೆ ನಿಧಾನವಾಗಿ. "ಬಣ್ಣ ನೋಡಿ, ಬಿಳಿ. ಬಿಳಿ ಅಂದ್ರೆ ಅಂಟು. ಎಣ್ಣೆ ಆಗಿದ್ರೆ ನೀಲಿ ಬರತ್ತೆ, ಕಣ್ಣು ಉರಿಯತ್ತೆ. ನಿಮ್ಮ ಕಣ್ಣು ಉರೀತಿದ್ಯಾ?"

"ಇಲ್ಲ."

"ನಂದೂ ಇಲ್ಲ. ಈಗ ಇನ್ನೂ ಜಾಸ್ತಿ ಆಗತ್ತೆ. ಆಗ್ಲಿ. ಹತ್ತು ನಿಮಿಷ ಆದ್ಮೇಲೆ ಸೋಲತ್ತೆ, ನೋಡ್ತಿರಿ."

ಹೊಗೆ ಇನ್ನೂ ದಟ್ಟವಾಗುತ್ತದೆ. ಆಮೇಲೆ, ಅಕ್ಕ ಹೇಳಿದ ಹಾಗೇ, ಸೋಲುತ್ತದೆ. ಹದಿನೆಂಟನೆಯ ನಿಮಿಷಕ್ಕೆ ಬಾನೆಟ್ಟಿನೊಳಗಿನ ಪ್ರತಿ ವೈರೂ ಕಾಣಿಸುತ್ತದೆ. ಇಪ್ಪತ್ತಕ್ಕೆ ಏನೂ ಇಲ್ಲ, ಇಂಜಿನ್ನಿನ ಸದ್ದು ಮಾತ್ರ. ಡ್ರೈವರಮ್ಮ ಸಿಲಿಂಡರನ್ನು ಗೋಡೆಗೆ ವಾಪಸು ನೇತುಹಾಕುತ್ತಾರೆ. ಕೊಕ್ಕೆ ಎರಡು ಸಲ ತಪ್ಪುತ್ತದೆ. ಮೂರನೆಯದಕ್ಕೆ ಸಿಗುತ್ತದೆ.

"ಒಂದು ಮಾತು ಕೇಳ್ಲಾ?" ಎನ್ನುತ್ತಾರೆ ಅಕ್ಕ. "ಇಷ್ಟೊಂದು ಗ್ಯಾರೇಜು ಇರೋವಾಗ ಇಲ್ಲಿಗೇ ಯಾಕೆ ಬಂದ್ರಿ?"

"ಮೂರು ಕಡೆ ಕೇಳ್ದೆ ಅಕ್ಕ. ಮೂರೂ ಕಡೆ, ಏನೂ ಆಗಲ್ಲಮ್ಮ, ಕೊಟ್ಟು ಹೋಗಿ ಅಂದ್ರು. ಏನಾಗಬಹುದು ಅಂತ ಗೊತ್ತಿರೋರು ನೀವೊಬ್ರೇ."

ಅಕ್ಕ ಗವಸು ತೆಗೆದು ಬೆಂಚಿನ ಮೇಲಿಡುತ್ತಾರೆ. ಎರಡನ್ನೂ ಒಂದರ ಮೇಲೊಂದು ಸರಿಮಾಡಿಡುತ್ತಾರೆ. ಮತ್ತೆ ಸರಿಮಾಡುತ್ತಾರೆ.

ಡ್ರೈವರಮ್ಮ ಕಾರು ಹಿಂದಕ್ಕೆ ತೆಗೆದು, ಅಂಗಳಕ್ಕೆ ತಿರುಗಿಸಿ, ಎಡಬದಿಯ ಮುಂದಿನ ಬಾಗಿಲು ತೆಗೆಯುತ್ತಾರೆ. "ಹತ್ತಿ ಅಕ್ಕ, ಮನೆಗೆ ಬಿಡ್ತೀನಿ."

"ಅಯ್ಯೋ ಬೇಡಪ್ಪಾ! ಮೈಯೆಲ್ಲ ನೂಲು. ಸೀಟು ಹಾಳಾಗತ್ತೆ. ನಡ್ಕೊಂಡು ಹೋಗೋದು ನನಗೆ ಅಭ್ಯಾಸ."

ಡ್ರೈವರಮ್ಮ ಇಳಿದು ಗ್ಯಾರೇಜಿನೊಳಗೆ ಹೋಗುತ್ತಾರೆ. ವಾಪಸು ಬಂದಾಗ ಕೈಯಲ್ಲಿ ಎರಡನೆಯ ಬಿಳಿ ರಟ್ಟು, ಚುಕ್ಕೆ ಇಲ್ಲದ್ದು. ಅದನ್ನು ಮಡಚಿ ಸೀಟಿನ ಮೇಲೆ ಹಾಸುತ್ತಾರೆ. "ಈಗ ಕೂತ್ಕೊಳ್ಳಿ." ಅಕ್ಕ ಗಂಡನ ಕಡೆ ನೋಡುತ್ತಾರೆ. "ಹೋಗೇ ಮಾರಾಯ್ತಿ, ನಾಚ್ಕೋಬೇಡ, ನಾನು ಶಟರು ಹಾಕ್ಕೊಂಡು ಬರ್ತೀನಿ" ಎನ್ನುತ್ತಾರೆ ಮೇಸ್ತ್ರಿ.

ಅಕ್ಕ ರಟ್ಟಿನ ಮೇಲೆ, ಪರೀಕ್ಷೆಗೆ ಕೂತವರಂತೆ ನೆಟ್ಟಗೆ ಕೂರುತ್ತಾರೆ. ಕಾರು ಬೀದಿಗೆ ಇಳಿಯುತ್ತದೆ, ಮೂಲೆಯ ಸಿಗ್ನಲ್ಲಿನಲ್ಲಿ ನಿಲ್ಲುತ್ತದೆ. ಎಡಕ್ಕೆ ಹೋದರೆ ಅಕ್ಕನ ಮನೆ. ದೀಪ ಹಸಿರಾದಾಗ ಡ್ರೈವರಮ್ಮ ಬಲಕ್ಕೆ ತಿರುಗಿಸುತ್ತಾರೆ.  ಮುಂದೆ ದೂರದಲ್ಲಿ ನೀರಿನ ಟ್ಯಾಂಕು ಕಾಣುತ್ತಿದೆ, ಈ ದಾರಿ ಹೋಗುವುದು ಅದರ ಏರಿಗೇ.

ಏರಿನ ಬುಡದಲ್ಲಿ ಡ್ರೈವರಮ್ಮ ಗೇರು ಇಳಿಸುತ್ತಾರೆ. ಅಕ್ಕ ಬಗ್ಗಿ ಚಪ್ಪಲಿ ಕಳಚುತ್ತಾರೆ. ಎರಡೂ ಅಂಗಾಲನ್ನು ಕಾರಿನ ನೆಲಕ್ಕೆ ಊರಿ ಇಡುತ್ತಾರೆ. ಇಂಜಿನ್ನು ಏದುಸಿರು ಬಿಡುತ್ತದೆ, ಟರ್ಬೊದ ಚಕ್ರ ತೆಳ್ಳಗೆ ಸಿಳ್ಳೆ ಹಾಕುತ್ತದೆ. ಪೈಪು ಈಗ ಕಾಯುತ್ತಿದೆ, ಇಪ್ಪತ್ತಾರು ಸುತ್ತಿನ ಒಳಗೆ, ಅವರ ಕಾಲಿನಿಂದ ಒಂದು ಗೇಣಿನಾಚೆ. ಮೊದಲ ತಿರುವು ಮುಗಿಯುತ್ತದೆ. ಎರಡನೆಯ ತಿರುವಿನಲ್ಲಿ ರಸ್ತೆಯ ಬದಿಗೆ ಇವತ್ತಿಗೂ ಒಂದಿಷ್ಟು ಡಾಂಬರು ಕಪ್ಪಾಗಿ ಕರಗಿ ಗಟ್ಟಿಯಾದ ಗುರುತಿದೆ. ಇಬ್ಬರೂ ಅದನ್ನು ನೋಡುತ್ತಾರೆ. ಕಾರು ನಿಲ್ಲದೆ ದಾಟುತ್ತದೆ.

ಟ್ಯಾಂಕಿನ ಬಳಿ ರಸ್ತೆ ಮಟ್ಟಸವಾದಾಗ ಡ್ರೈವರಮ್ಮ ಉಸಿರು ಬಿಡುತ್ತಾರೆ. ಸ್ಟೇರಿಂಗಿನ ಮೇಲಿನ ಕೈ ಒದ್ದೆಯಾಗಿದೆ, ಸೆರಗಿಗೆ ಒರೆಸಿಕೊಳ್ಳುತ್ತಾರೆ.

"ಅಕ್ಕ, ನಿಲ್ಲಿಸಿ ಒಂದ್ಸಲ ಬಾನೆಟ್ಟು ತೆಗೆದು ನೋಡ್ಲಾ?"

ಅಕ್ಕ ಕಾಲ್ಬೆರಳುಗಳನ್ನು ಒಂದೊಂದಾಗಿ ಆಡಿಸುತ್ತಾರೆ.

"ಬೇಡ ತಾಯಿ, ತಣ್ಣಗಿದೆ" ಎನ್ನುತ್ತಾರೆ. "ಹೋಗ್ತಾ ಇರಿ."